ಒಂದೂವರೆ ತಾಸು

ರುವಿಯ ಈ ಗಲ್ಲಿಯಲ್ಲಿ, ಜ್ಯೂಸಿನಂಗಡಿಗೂ
ಸಿಮ್ ಮಾರುವವನ ಕೊಡೆಗೂ ನಡುವೆ
ನನ್ನ ಕೌಂಟರು.
ಗಾಜಿನ ಮೇಲೆ ಬೆರಳೂರಿ ಕೇಳುತ್ತಾರೆ ಎಲ್ಲರೂ:
ಎಷ್ಟು ದೂರ, ಎಷ್ಟು ಹೊತ್ತು.

ತೆರೆಯ ಮೇಲೆ ಬಾಗಿದ ಗೆರೆಯೊಂದು.
ಎರಡು ಸಾವಿರದ ಇನ್ನೂರು ಕಿಲೋಮೀಟರು, ಚಿಲ್ಲರೆ.
ಮೂರು ಗಂಟೆ ಐದು ನಿಮಿಷ.
ದಿನಕ್ಕೆ ನಲವತ್ತು ಸಲ ಹೇಳುತ್ತೇನೆ
ತರಕಾರಿಯವ ಟೊಮೆಟೊ ರೇಟು ಹೇಳಿದ ಹಾಗೆ.

ಗುರುಶಾಂತ ಬಂದದ್ದು ಗುರುವಾರ, ಹೊತ್ತು ಮುಳುಗುವಾಗ,
ಇಬ್ರಿಯಿಂದ, ಕಂಪನಿಯ ನೀರಿನ ಟ್ಯಾಂಕರಿನಲ್ಲಿ.
ಹುಬ್ಬಿನ ಮೇಲೆ ಸಿಮೆಂಟೋ ಮರಳೋ, ಬೆಳ್ಳಗೆ.
"ಶಹಾಪುರಕ್ಕ ಎಷ್ಟು ತಾಸಿನ ಹಾದಿರೀ ಮೇಡಂ?"
ಅಲ್ಲಿಗೆ ವಿಮಾನವಿಲ್ಲ, ಹೈದರಾಬಾದಿಗಿದೆ, ಅಂದೆ.
ಮೂರು ಗಂಟೆ ಐದು ನಿಮಿಷ.
ಅವನು ಬೆರಳು ಮಡಚತೊಡಗಿದ:

"ಇಬ್ರಿಯಿಂದ ಇಲ್ಲಿಗೆ ನಾಕು ತಾಸು.
ಆಕಡಿಂದ ನಮ್ಮೂರ ಬಸ್ಸಿಗೆ ಆರು.
ರಜಾ ಅರ್ಜಿ ಸಾಹೇಬರ ಡ್ರಾವರಿನಾಗ
ಕುಂತದ್ದು ಹನ್ನೊಂದು ತಿಂಗಳು.
ಪಾಸ್‌ಪೋರ್ಟು ಕಪಾಟದಿಂದ ಇಳಿದು ಬರಾಕ ಮೂರು ವಾರ.
ಇದರಾಗ ಹಾರೂದು ಬರೇ ಮೂರು ತಾಸೇನ್ರೀ?"

ನಕ್ಕ. ನಾನು ನಗಲಿಲ್ಲ,
ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿತ್ತು.

ಅದನ್ನು ಬಿಡಿಸುವಷ್ಟರಲ್ಲಿ ಅವನೇ ಹೇಳಿದ:
"ಮಗಳು ಹುಟ್ಟಿದ್ದು ನಡುರಾತ್ರಿ ಹನ್ನೆರಡೂ ಹತ್ತಕ್ಕ.
ಅಲ್ಲಿ ಮಂಗಳವಾರ ಹತ್ತಿತ್ತು.
ಫೋನು ಬಂದಾಗ ನನ್ನ ಗಡಿಯಾರದಾಗ ಇನ್ನೂ ಸೋಮವಾರ,
ಹತ್ತೂ ಮುಕ್ಕಾಲು.
ನಾಳೆ ಹುಟ್ಟಿದ ಕೂಸು
ಇವತ್ತೇ ಅತ್ತದ್ದು ಕೇಳೀನ್ರೀ ನಾ.
ರೂಮಿನಾಗ ಖರ್ಜೂರ ಹಂಚಿದೆ.
ಯಾವಾಗ ಹುಟ್ಟಿತು ಅಂತ ಬಂಗಾಲಿ ಕೇಳಿದ.
'ಕಲ್' ಅಂದೆ.
ಹಿಂದಿಯಾಗ ನಿನ್ನೆಗೂ ಅದೇ, ನಾಳೆಗೂ ಅದೇ,
ಸುಳ್ಳೂ ಆಗಲಿಲ್ಲ, ಖರೇನೂ ಆಗಲಿಲ್ಲ.
ಈಗ ಅಕಿಗೆ ಹದಿನಾರು ಹಲ್ಲು. ಫೋನಿನಾಗ ಎಣಿಸೀನಿ."

ಟಿಕೇಟು ಹೊರಬಂತು, ಒಂದು ಮೂಲೆ ಮುದುಡಿ.
ಹೊರಡುವುದು ರಾತ್ರಿ ಹತ್ತೂ ಐವತ್ತು,
ಮುಟ್ಟುವುದು ಮೂರೂ ಇಪ್ಪತ್ತೈದು.
ಮತ್ತೆ ಬೆರಳು ಮಡಚಿದ.
"ನಾಕೂವರಿ ಮ್ಯಾಲಾತಲ್ರೀ?"
ದಾರಿಯಲ್ಲಿ ಒಂದೂವರೆ ಮುರಿದುಕೊಳ್ಳುತ್ತಾರೆ, ಅಂದೆ.
"ಯಾರು?"

ಏಳು ವರ್ಷದಿಂದ ಈ ಕುರ್ಚಿಯಲ್ಲಿದ್ದೇನೆ,
ಯಾರೂ ಕೇಳಿರಲಿಲ್ಲ.
ಬರುವಾಗ ಈ ಊರು ಕೊಟ್ಟ ಕೈಗಡ ಅದು, ಅಂದೆ,
ಬಾಯಿಗೆ ಬಂದದ್ದು.
ನನಗೂ ಕೊಟ್ಟಿತ್ತಲ್ಲ, ಆ ಒಂದೂವರೆ ಗಂಟೆ,
ಎಲ್ಲಿ ಹಾಕಿದೆ?
ಪೆಟ್ಟಿಗೆ ಕಾಯುತ್ತ ಬೆಲ್ಟಿನ ಮುಂದೆ ನಿಂತೇ ಕಳೆದಿರಬೇಕು.

ಗುರುಶಾಂತ ತಲೆಯಾಡಿಸಿದ, ವ್ಯವಹಾರ ತಿಳಿದವನಂತೆ.
ಕೈಗಡಿಯಾರದ ಕೀಲಿ ಎಳೆದು
ಅಲ್ಲೇ, ಕೌಂಟರಿಗೆ ಮೊಣಕೈ ಊರಿ,
ಮುಳ್ಳನ್ನು ಮುಂದಕ್ಕೆ ತಿರುಗಿಸಿದ.
ಹಾರೋದು ಭಾನುವಾರ ಕಣಪ್ಪ, ಅಂದೆ.
"ಇರಲಿರೀ. ಮೊದಲೇ ಕೊಟ್ಟಬಿಡ್ತೀನಿ."

ಸಿಗ್ನಲ್ ದಾಟಿ ಹೋದ.
ಮಸೀದಿಯಲ್ಲಿ ಬಾಂಗು ಇನ್ನೂ ಮುಗಿದಿರಲಿಲ್ಲ,
ಜ್ಯೂಸಿನಂಗಡಿಯ ದೀಪ ಆಗಷ್ಟೇ ಹತ್ತಿತ್ತು.
ಅವನ ಮಣಿಕಟ್ಟಿನಲ್ಲಿ ಏಳೂವರೆ,
ಯಾರೋ ಹದಿನಾರು ಹಲ್ಲಿನವಳು
ಉಣ್ಣಲೊಲ್ಲೆನೆಂದು ಹಟ ಹಿಡಿಯುವ ಹೊತ್ತು.