ಮೊಣಕಾಲು ನೀರಿಗೊಂದು ದೋಣಿ

ದಾವಣಗೆರೆಯ ಹಳೇಪೇಟೆ, ಪಂಪ್‌ಸೆಟ್ ರಿಪೇರಿ ಅಂಗಡಿ.
ನೀರೆಷ್ಟು? ಅಂದ ದಾದಾಪೀರ್.
ಮೊಣಕಾಲಿಗೆ ಕೈಯಿಟ್ಟು ತೋರಿಸಿದೆ.
ಅದರ ಕೆಳಗೆ?
ಕೈ ತೊಡೆಗೇರಿತು.
ಕೆಸರು. ನೀರಿಗಿಂತ ಒಂದು ಗೇಣು ಜಾಸ್ತಿ.

ಗ್ರೀಸಿನ ಬೆರಳು ಒರೆಸಿಕೊಂಡು ನಕ್ಕ:
ಹಂಗಾದ್ರೆ ನಿಮಗೆ ಬೇಕಾಗಿರಾದು ದೋಣಿಯಲ್ಲಣ್ಣ,
ಎಮ್ಮೆ.

ಎಮ್ಮೆ ಪಟ್ಟಿಯಲ್ಲಿರಲಿಲ್ಲ. ಇಲಾಖೆಯ ಕಾಗದದಲ್ಲಿದ್ದದ್ದು:
ಆಳವಿಲ್ಲದ ನೀರಿಗೆ ಯೋಗ್ಯವಾದ ದೋಣಿ ಒಂದು, ಮೋಟಾರು ಒಂದು,
ಅರವತ್ತು ಸಾವಿರ ಮೀರದಂತೆ.
ಉದ್ದೇಶ, ಸೂಳೆಕೆರೆಯ ಬಾತುಗಳ ಗಣತಿ.
ಅದನ್ನು ಓದುವಾಗ ಮೀನುಗಾರರ ಸಂಘದ ಕಾರ್ಯದರ್ಶಿ
ಕನ್ನಡಕದ ಮೇಲಿಂದ ನನ್ನನ್ನೇ ನೋಡಿದ್ದ.
ನಮ್ಮ ಮನೆತನದವರು ಬಾತು ಎಣಿಸುತ್ತಿದ್ದದ್ದು
ಕುತ್ತಿಗೆ ಮುರಿದ ಮೇಲೆ.

ಫೈಬರಿನದು ಮದುಮಗನ ಹಾಗೆ ಬೆಳ್ಳಗಿತ್ತು,
ತಳ ಮಾತ್ರ ಚೂಪು.
ಪಡುವಣ ಮೂಲೆಯ ಹೂಳಿಗೆ ಅದು ನೇಗಿಲು.
ತಗಡಿನದು ಚಪ್ಪಟೆ, ಹಗುರ, ಇಬ್ಬರು ಎತ್ತಬಹುದು;
ಆದರೆ ಗಳ ತಾಗಿದರೆ ಜಾಗಟೆ,
ಒಂದೇ ಏಟಿಗೆ ಆಕಾಶದ ತುಂಬ ರೆಕ್ಕೆ.
ಹರಿಗೋಲು ಮನೆಯಲ್ಲೇ ಇದೆ.
ಮೋಟಾರು ಕಟ್ಟೋಣವೆಂದರೆ
ಅದಕ್ಕೆ ಹಿಂದು ಯಾವುದು, ಮುಂದು ಯಾವುದು?

ಮೋಟಾರಿನದು ಇನ್ನೊಂದು ತಕರಾರು.
ನೆಟ್ಟಗೆ ಕೆಳಗಿಳಿಯುವ ಜಾತಿಯದು
ಬಾಯಿ ತುಂಬ ಅಂತರಗಂಗೆ ಅಗಿದು, ಕೆಮ್ಮಿ, ನಿಲ್ಲುತ್ತದೆ.
ಬ್ಯಾಟರಿಯದು ಮೌನಿ;
ಅದರ ಬೆಲೆ ಕೇಳಿ ನಾನೂ ಮೌನಿ.
ದಾದಾಪೀರ್ ಮೂಲೆಯಿಂದ ಒಂದನ್ನು ಎಳೆದು ತಂದ:
ಕಳೆ ಕೊಚ್ಚುವ ಯಂತ್ರದ ಇಂಜಿನ್ನು, ಅದಕ್ಕೆ ಆರಡಿ ಪೈಪು,
ತುದಿಗೆ ಅಂಗೈಯಷ್ಟು ಪಂಖ.
ನೀರ ಮೇಲೆ ಮಲಗಿಸಿ ಓಡಿಸಿ, ಕೆಸರಾದರೂ ಅಷ್ಟೆ, ಅನ್ನುತ್ತ
ಹಗ್ಗ ಜಗ್ಗಿದ.
ಎದುರಿನ ತಂತಿಯಿಂದ ಹದಿನಾಲ್ಕು ಕಾಗೆ ಎದ್ದವು.

ಹದಿನಾಲ್ಕು, ಅಂದದ್ದು ಚಿಕ್ಕಪ್ಪ.
ಬೆಳಗಿನಿಂದ ಆತ ಆಡಿದ ಮೊದಲ ಮಾತು.

ಚಿಕ್ಕಪ್ಪ ತೀರ್ಥಪ್ಪನಿಗೆ ದೋಣಿ ಬೇಕಿರಲಿಲ್ಲ.
ಎಂಟು ದಿನ ಬರೀ ಮಡಕೆಗಳನ್ನು ತೇಲಿಬಿಡುತ್ತಿದ್ದ,
ಬಾತುಗಳಿಗೆ ರೂಢಿಯಾಗಲೆಂದು.
ಒಂಬತ್ತನೆಯ ದಿನ ಅವುಗಳ ನಡುವೆ ಇನ್ನೊಂದು ಮಡಕೆ,
ಅದಕ್ಕೆರಡು ತೂತು, ತೂತಿನ ಹಿಂದೆ ಕಣ್ಣು.
ಕಾಲೆತ್ತದೆ, ಕೆಸರಲ್ಲಿ ಉಜ್ಜಿಕೊಂಡೇ ಹೋಗಿ
ಕೆಳಗಿನಿಂದ ಪಾದ ಹಿಡಿದು ಎಳೆದರೆ
ಪಕ್ಕದ ಬಾತಿಗೂ ಸುದ್ದಿಯಿಲ್ಲ.

ಯಾಕೆ ಬಿಟ್ಟೆ ಎಂದು ಯಾರೂ ಕೇಳಿರಲಿಲ್ಲ.
ಅಂಗಡಿಯ ಚಹಾ ಆರುತ್ತಿರುವಾಗ ತಾನೇ ಹೇಳಿದ.
ಒಂದು ಸಂಜೆ ಮಡಕೆಯ ಮೇಲೆ ವರಟೆಯೊಂದು ಹತ್ತಿ ಕೂತಿತು.
ಒಳಗೆ ಕತ್ತಲು, ನನ್ನದೇ ಉಸಿರು,
ತಲೆಯ ಮೇಲೆ ಅದರ ಉಗುರು.
ರೆಕ್ಕೆ ತಿದ್ದಿಕೊಳ್ಳುತ್ತಿತ್ತು. ಹೊತ್ತು ಮುಳುಗೋ ತನಕ ನಿಂತೆ.
ಆಮೇಲೆ?
ಆಮೇಲೇನು. ಕಾಲು ಮರಗಟ್ಟಿದ್ವು.

ತಗಡಿನ ದೋಣಿಯೇ ಕೊಂಡೆವು.
ಒಳಗೆ ಮಂಡಕ್ಕಿ ಭಟ್ಟಿಯ ಹಳೇ ಗೋಣಿ ಎರಡು ಪದರ ಹಾಸಿ
ಜಾಗಟೆಯ ಬಾಯಿ ಕಟ್ಟಿದೆವು.
ಉದ್ದ ಬಾಲದ ಇಂಜಿನ್ನಿಗೆ ಚೌಕಾಸಿ ಮಾಡಿ
ಒಂದು ಪಂಖ ಪುಕ್ಕಟೆ.

ಜನವರಿಯ ಎರಡನೇ ಭಾನುವಾರ, ಮಂಜು.
ಜೊಂಡಿಗೆ ಒಂದು ಫರ್ಲಾಂಗು ಇರುವಾಗಲೇ
ಚಿಕ್ಕಪ್ಪ ಇಂಜಿನ್ನಿನ ಕಿವಿ ಹಿಂಡಿದ.
ಎಪ್ಪತ್ತರ ಮುದುಕ ಪಂಚೆ ಎತ್ತಿಕಟ್ಟಿ ನೀರಿಗಿಳಿದು
ಹಿಂದಿನಿಂದ ದೋಣಿ ತಳ್ಳುತ್ತ ಬಂದ,
ಕಾಲೆತ್ತದೆ.
ಸೂಜಿಬಾಲದವು ಇನ್ನೂರ ಹನ್ನೆರಡು, ಬರೆದೆ.
ಹದಿಮೂರು, ಅಂತ ಬೆನ್ನ ಹಿಂದಿನ ಪಿಸುದನಿ.
ತಡಕಾಡಿದೆ.
ಜೊಂಡಿನ ಬುಡದಲ್ಲಿ ಒಂದು ನಿದ್ದೆ ಮಾಡುತ್ತಿತ್ತು,
ಕೊಕ್ಕು ಬೆನ್ನೊಳಗೆ.
ಕೈ ಚಾಚಿದರೆ ಸಿಗುವಷ್ಟು ಹತ್ತಿರ.
ಚಿಕ್ಕಪ್ಪನ ಎರಡೂ ಕೈ ದೋಣಿಯ ಅಂಚನ್ನು ಹಿಡಿದಿದ್ದವು,
ಗಟ್ಟಿಯಾಗಿ.

ಮಧ್ಯಾಹ್ನ ದಾದಾಪೀರನ ಫೋನು:
ಮೋಟಾರು ಹೆಂಗೈತಣ್ಣ?
ತಿರುಗಿ ನೋಡಿದೆ. ಬಿಸಿಲಲ್ಲಿ ಕಾದು ಕೂತಿತ್ತು,
ಅದರ ಉದ್ದ ಬಾಲದ ಮೇಲೆ ಒದ್ದೆ ಪಂಚೆ.
ಬೆಚ್ಚಗೈತೆ, ಅಂದೆ.