ಅರವತ್ತೊಂದನೇ ಬಾಟಲಿ

ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಆ ವೈರು ಕೊಂಡಾಗ
ನೀನಿನ್ನೂ ಹೊಟ್ಟೆಯಲ್ಲಿ, ಏಳನೇ ತಿಂಗಳು.
ರಾಮಾ ಗ್ರೀನ್ ಮೂರು ಕಟ್ಟು, ಕೆಂಪು ಒಂದು.
"ಬಾಣಂತನ ಮುಗಿಯೋ ಹೊತ್ತಿಗೆ ಬುಟ್ಟಿ ಆಗೋಗುತ್ತೆ ಬಿಡಕ್ಕಾ"
ಅಂದಿದ್ದ ಅಂಗಡಿಯವನು.
ಪಾಪ, ಮದುವೆಯಾಗದ ಹುಡುಗ.

ಈಗ ನಿನಗೆ ಒಂಬತ್ತು ತಿಂಗಳು.
ಬುಟ್ಟಿಗೆ ತಳ ಆಗಿದೆ,
ಗೋಡೆ ನಾಲ್ಕು ಬೆರಳು ಎದ್ದಿದೆ,
ಮಿಕ್ಕ ವೈರೆಲ್ಲ ಕೆದರಿದ ಜುಟ್ಟು.

ಬೆಳಿಗ್ಗೆ ಐದಕ್ಕೇ ಏಳುತ್ತೀಯ,
ಮಸೀದಿಯ ಬಾಂಗಿಗಿಂತ ಒಂಚೂರು ಮುಂಚೆ.
ಕಂಕುಳಲ್ಲಿ ನೀನು, ಕೈಯಲ್ಲಿ ಸೌಟು.
ಉಪ್ಪಿಟ್ಟಿಗೆ ಉಪ್ಪು ಹಾಕಿದೆನೋ ಇಲ್ಲವೋ
ನಿಮ್ಮಪ್ಪ ತಿಂದು ಹೇಳಬೇಕು.
ಅವರು ಹೇಳುವುದಿಲ್ಲ;
ಸುಮ್ಮನೆ ಉಪ್ಪಿನಕಾಯಿ ಡಬ್ಬಿ ತೆಗೆಯುತ್ತಾರೆ.

ಎಂಟೂಕಾಲಿಗೆ ನಿನ್ನನ್ನು
ಎದುರುಮನೆ ಅಲ್ಮಾಸಕ್ಕನ ಸೊಂಟಕ್ಕೆ ದಾಟಿಸಿ
ತಿರುಗಿ ನೋಡದೆ ಸ್ಕೂಟಿ ಹತ್ತುತ್ತೇನೆ.
ನೋಡಿದರೆ ಇಬ್ಬರಲ್ಲಿ ಒಬ್ಬರು ಅಳುತ್ತೇವೆ.
ಯಾರೆಂದು ಹೇಳುವುದಿಲ್ಲ.

ಡೇರಿಯ ಲ್ಯಾಬಿನಲ್ಲಿ ನನ್ನದು ಹಾಲು ನೋಡುವ ಕೆಲಸ.
ದುದ್ದದ ಹಾಲು, ಶಾಂತಿಗ್ರಾಮದ ಹಾಲು, ಕಟ್ಟಾಯದ ಹಾಲು,
ಅರವತ್ತು ಪುಟ್ಟ ಬಾಟಲಿ
ಪ್ರಾರ್ಥನೆಗೆ ನಿಂತ ಒಂದನೇ ಕ್ಲಾಸಿನ ಹಾಗೆ.
ಫ್ಯಾಟು ಎಷ್ಟು, ನೀರು ಎಷ್ಟು,
ಮೆಶೀನು ಹೇಳುತ್ತೆ, ನಾನು ಬರೆಯುತ್ತೇನೆ.

ಹನ್ನೊಂದು ಗಂಟೆಗೆ
ಅಲ್ಲಿ ನೀನು ಅತ್ತೆಯೋ ಏನೋ,
ಇಲ್ಲಿ ಏಪ್ರನ್ನಿನ ಕೆಳಗೆ ರವಿಕೆ ಒದ್ದೆ.
ಬಾತ್‌ರೂಮಿನ ಬೇಸಿನ್ನಿಗೆ ಹಿಂಡುತ್ತೇನೆ
ನಲ್ಲಿ ಬಿಟ್ಟುಕೊಂಡು, ಯಾರಿಗೂ ತಿಳಿಯದಿರಲಿ ಅಂತ.
ಲಾರಿಗಟ್ಟಲೆ ಹಾಲು ಬರುವ ಜಾಗದಲ್ಲಿ
ಹಾಲು ಚೆಲ್ಲುವವಳು ನಾನೊಬ್ಬಳೇ.

ಹೋದ ಗುರುವಾರ ಲ್ಯಾಬು ಖಾಲಿ.
ಚಂದ್ರಕಲಾ ಟೀಗೆ, ಸೂಪರ್‌ವೈಸರು ಮೀಟಿಂಗಿಗೆ.
ಒಂದು ಬಾಟಲಿ ಹೆಚ್ಚಿತ್ತು.
ತುಂಬಿಸಿ ಹಿಡಿದೆ; ಬೆಚ್ಚಗಿತ್ತು,
ನಿನ್ನ ಅಂಗಾಲು ಹಿಡಿದ ಹಾಗೆ.
ನಂಬರು ಬರೆಯದೆ ಮೆಶೀನಿಗಿಟ್ಟೆ.
ಗುರುಗುಟ್ಟಿತು, ಯೋಚಿಸಿತು,
ಕೊನೆಗೆ ತೋರಿಸಿತು:
ನೀರು ಬೆರೆತಿದೆ.

ನಗು ಬಂತು. ಆಮೇಲೆ ಬರಲಿಲ್ಲ.
ನಾಮಕರಣದ ದಿನವೇ ನಿನ್ನ ಸೋದರತ್ತೆ ಅಂದಿದ್ದಳು,
"ನಿನ್ನ ಹಾಲು ತೆಳು ಕಣೆ, ಅದಕ್ಕೇ ಮಗು ರಾತ್ರಿಯೆಲ್ಲ ಏಳುತ್ತೆ."
ಹಸುವಿನ ಲೆಕ್ಕ ಕಲಿತ ಮೆಶೀನು ಅದು, ಗೊತ್ತು,
ಡಿಪ್ಲೊಮಾದಲ್ಲಿ ಓದಿದ್ದೇನೆ.
ಗೊತ್ತಿದ್ದೂ
ಬಾಟಲಿಯನ್ನು ಮೂರು ಸಲ ತೊಳೆದೆ.

ಸಂಜೆ ಅಲ್ಮಾಸಕ್ಕನಿಗೆ ಹೇಳಿದೆ.
ಆಕೆ ನಿನ್ನನ್ನು ಅನಾಮತ್ತು ಎತ್ತಿ ನನ್ನ ತೋಳಿಗೆ ಹಾಕಿ
"ಹಿಡ್ಕೋ, ಇದು ರಿಪೋರ್ಟು.
ನನ್ನ ಸೊಂಟ ಕೇಳು ಬೇಕಾದ್ರೆ" ಅಂದಳು.

ರಾತ್ರಿ ಹತ್ತೂವರೆ.
ಪಾತ್ರೆ ನೆನೆಯುತ್ತಿವೆ, ನೆನೆಯಲಿ.
ನೆಲ್ಲಿಕಾಯಿ ಗಂಟು:
ಮೇಲೊಂದು, ಕೆಳಗೊಂದು, ನಡುವೆ ತೂರಿಸಿ ಎಳೆ.
ಹಾಸ್ಟೆಲಿನಲ್ಲಿ ವಾರ್ಡನ್ ಕಲಿಸಿದ್ದು.
"ಬೆರಳು ಉರೀಬೇಕು, ಆಗಲೇ ಗಂಟು ನಿಲ್ಲೋದು."
ಉಪ್ಪಿಟ್ಟು ಖಾಲಿಯಾಗುತ್ತೆ,
ಒಗೆದ ಲಂಗೋಟಿ ಅರ್ಧ ಗಂಟೆಗೆ ಮತ್ತೆ ಒದ್ದೆ,
ಬರೆದ ನಂಬರುಗಳನ್ನು ನಾಳಿನ ನಂಬರು ಅಳಿಸುತ್ತೆ.
ಇದೊಂದು ಗಂಟು ಮಾತ್ರ
ಬೆಳಿಗ್ಗೆಯೂ ಗಂಟಾಗಿಯೇ ಇರುತ್ತೆ.

ಅಂದುಕೊಂಡಿದ್ದೆ.
ಭಾನುವಾರ ನಾನು ತಲೆಗೆರೆದುಕೊಂಡು ಬರುವಷ್ಟರಲ್ಲಿ
ಅಂಬೆಗಾಲಿಟ್ಟು ಹೋಗಿ, ಮಂಚದ ಕೆಳಗಿಂದ ಎಳೆದು
ಬುಟ್ಟಿಯನ್ನು ತಲೆಗೆ ಹಾಕಿಕೊಂಡು ಕೂತಿದ್ದೆ,
ಹಸಿರು ವೈರು ಹೆಗಲ ತುಂಬ,
ಒಂದು ತುದಿ ಬಾಯಲ್ಲಿ.
ಮೇಲಿನ ಸಾಲಿನ ಎರಡು ಗಂಟು ಸಡಿಲ.
ಅವುಗಳ ಮೇಲೆ ನಿನ್ನ ಹೊಸ ಹಲ್ಲಿನ ಗುರುತು, ಅದೂ ಎರಡು.

"ಹಂಸಿನೀ" ಅಂತ ಗದರಲು ಬಾಯಿ ತೆಗೆದೆ.
ನೀನು ನಕ್ಕೆ, ವೈರು ಜಾರಿತು, ಜೊಲ್ಲು ಇಳಿಯಿತು.
ಒದ್ದೆ ಕೂದಲು ಹಾಗೇ ಬಿಟ್ಟು
ನಿನ್ನೆದುರು ನೆಲದ ಮೇಲೆ ಕೂತೆ.

ಆ ಎರಡನ್ನು ಬಿಚ್ಚಿ ಮತ್ತೆ ಹಾಕಬೇಕು.
ಹಾಕಿಲ್ಲ. ಸಾಲು ಅಲ್ಲಿ ಸೊಟ್ಟಗಿದೆ.
ನಾಳೆ ಸೋಮವಾರ, ಅರವತ್ತು ಬಾಟಲಿ.
ಕೆಂಪು ವೈರಿನ ಕಟ್ಟು ಇನ್ನೂ ಬಿಚ್ಚೇ ಇಲ್ಲ.