ಎಂಟು

ಸಜ್ಜಾದ ಮೈದಾನದಲ್ಲಿ ಬಿಳಿ ಬಣ್ಣದಿಂದ ಬರೆದ ಎಂಟು,
ಎರಡು ರೊಟ್ಟಿ ಅಂಚಿಗೆ ಅಂಚು ತಾಗಿಸಿ ಇಟ್ಟ ಹಾಗೆ.
ಎದುರಿನ ಬಕಾಲಾದ ಬೋರ್ಡಿನಲ್ಲಿ ಅರಬ್ಬಿ ಎಂಟು,
ಬಿಸಿಲಿಗೆ ಕಟ್ಟಿದ ಸಣ್ಣ ಗುಡಾರ.
ನಾನು ಸ್ಲೇಟಿನ ಮೇಲೆ ತಿದ್ದಿದ್ದು ಬೇರೆ:
೮.
ಬಾಯಿ ತೆರೆದೇ ಇರುತ್ತದೆ ಅದು,
ಹೊರಟಲ್ಲಿಗೆ ಬಂದು ಸೇರುವುದಿಲ್ಲ.

"ಇಲ್ಲಿ ಸೇರಬೇಕು," ಎಂದರು ಉಸ್ತಾದ್ ಶೇರ್‌ಜಮಾನ್,
"ಕಾಲು ನೆಲಕ್ಕೆ ತಾಗದೆ, ಕೋನು ಬೀಳದೆ."

ಹನ್ನೆರಡಕ್ಕೇ ಲೂನಾ ಓಡಿಸಿದವನು ನಾನು,
ಹುಮನಾಬಾದಿನಿಂದ ಹಳ್ಳಿಖೇಡಕ್ಕೆ,
ಮುಂದೆ ಮೇವಿನ ಕಟ್ಟು, ಹಿಂದೆ ಇಬ್ಬರು ತಮ್ಮಂದಿರು.
ಲೈಸೆನ್ಸು? ಏಜೆಂಟನ ಕೈಗೆ ಹದಿನೈದು ನೂರು ಇಟ್ಟೆ,
ಪೋಸ್ಟಿನವನು ಮನೆಗೆ ತಂದುಕೊಟ್ಟ.
ಗಾಡಿ ಯಾವ ಬಣ್ಣದ್ದೆಂದೂ ಯಾರೂ ಕೇಳಲಿಲ್ಲ.

ಇಲ್ಲಿ ಇಪ್ಪತ್ತು ಕ್ಲಾಸು.
ಮೊದಲ ಕ್ಲಾಸಿನಲ್ಲಿ ಕೀಲಿಯನ್ನೇ ಕೊಡಲಿಲ್ಲ.
"ಡಾಂಬರಿನ ಮೇಲೆ ಅಂಗೈ ಊರಿ. ಐದು ಎಣಿಸಿ."
ಜುಲೈ. ಸಂಜೆ ಐದೂವರೆ.
ಎರಡಕ್ಕೇ ಕೈ ಎತ್ತಿದೆ ನಾನು,
ಮೂರಕ್ಕೆ ನೇಪಾಳದ ಟೇಕ್‌ಬಹಾದ್ದೂರ್,
ಕಂಪಾಲಾದ ಒಕೆಲ್ಲೊ ಹಟಕ್ಕೆ ಬಿದ್ದು ನಾಲ್ಕು.
"ಜಾಕೆಟ್ ಹಾಕಿದರೆ ಸೆಕೆ ಅಂತ ಯಾರೋ ಅಂದಿರಲ್ಲ.
ಬಿದ್ದವನು ಅಂಗೈಯಷ್ಟೇ ಊರುವುದಿಲ್ಲ."
ಮತ್ತೇನೂ ಹೇಳಲಿಲ್ಲ. ಅವರ ಎಡ ಮೊಣಕೈ
ನೆಟ್ಟಗಾಗುವುದಿಲ್ಲ ಎಂದು ಗಮನಕ್ಕೆ ಬಂದದ್ದು
ಒಂಬತ್ತನೇ ಕ್ಲಾಸಿನಲ್ಲಿ.

ಅಷ್ಟರವರೆಗಿನದೆಲ್ಲ ಹಳೆಯದನ್ನು ಕಳೆಯಲಿಕ್ಕೇ ಹೋಯಿತು.
ಎಡಕ್ಕೆ ಎಡಕ್ಕೆ ಎಂದು ಎಳೆಯುವ ಮೈ,
ಹಾರ್ನಿನ ಮೇಲೇ ವಾಸವಿದ್ದ ಹೆಬ್ಬೆರಳು.
"ಬ್ರೇಕಿಗೆ ಬಡಿಯಬೇಡ, ಹಿಂಡು,
ಎಮ್ಮೆ ಕರೆಯುವ ಹಾಗೆ, ಮೆಲ್ಲಗೆ ಶುರುಮಾಡಿ ಗಟ್ಟಿಯಾಗಿ."
ಅವರ ಊರಿನಲ್ಲೂ ಎಮ್ಮೆಗಳಿವೆಯಂತೆ.

ಮೊದಲ ಟೆಸ್ಟು ಫೇಲು.
ಎಂಟು ಸೇರಿತ್ತು, ಹಲಗೆ ದಾಟಿದ್ದೆ,
ಕೋನುಗಳೆಲ್ಲ ನಿಂತೇ ಇದ್ದವು.
ಪರೀಕ್ಷಕ ಟ್ಯಾಬಿನಿಂದ ಕಣ್ಣೆತ್ತದೆ ಹೇಳಿದ:
"ಲೇನ್ ಬದಲಿಸುವಾಗ ಹೆಗಲ ಮೇಲಿಂದ ನೋಡಲಿಲ್ಲ."
ಕನ್ನಡಿ ನೋಡಿದೆನಲ್ಲ ಸಾರ್.
"ಕನ್ನಡಿಯಲ್ಲಿ ಇದ್ದವನನ್ನು ನೋಡಿದೆ. ಇಲ್ಲದವನನ್ನು?"

ಆ ರಾತ್ರಿ ಕ್ಯಾಂಪಿನ ಮೇಲ್ಮಂಚದಲ್ಲಿ ಲೆಕ್ಕ ಹಾಕಿದೆ.
ಮತ್ತೆ ಕ್ಲಾಸಿನ ದುಡ್ಡು, ಮತ್ತೆ ಟೆಸ್ಟಿನ ದುಡ್ಡು,
ಒಂದು ಸಲ ಕತ್ತು ತಿರುಗಿಸದ್ದಕ್ಕೆ
ನಾನು ಮನೆಮನೆಗೆ ಮುಟ್ಟಿಸಬೇಕಾದದ್ದು
ನೂರಾ ಎಂಟು ಬಿರಿಯಾನಿ.
ಮಲಗಿದಲ್ಲೇ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ.
ಕತ್ತು ಉಳುಕಿತೇನಪ್ಪ, ಕೇಳಿದ ಪಕ್ಕದ ಮಂಚದವನು.

ಲೈಸೆನ್ಸು ಕೈಗೆ ಬಂದ ದಿನ ಮನೆಗೆ ವಿಡಿಯೋ ಕಾಲು.
ಕಾರ್ಡು ಕ್ಯಾಮೆರಾಕ್ಕೆ ಹಿಡಿದೆ.
"ಫೋಟೋದಾಗ ಕಳ್ಳ ಕಂಡಂಗ ಕಾಣ್ತೀರಿ," ಎಂದಳು ಕಸ್ತೂರಿ.
ಅವಳ ಹಿಂದೆ ಮಗ, ಬೆರಳಲ್ಲಿ ಗಾಡಿ ಕೀಲಿ ಗಿರಗಿರ,
ಹದಿಮೂರು ತುಂಬಿಲ್ಲ, ಕಾಲಲ್ಲಿ ಚಪ್ಪಲಿಯೂ ಇಲ್ಲ.
"ಎಲ್ಲಿಗ್ಯೋ?"
"ಇಲ್ಲೇ ಪಪ್ಪಾ, ಹಾಲಿಗಿ."
"ಹೆಲ್ಮೆಟ್ ಎಲ್ಲದ?"

ಫೋನು ಅಡುಗೆಮನೆಯತ್ತ ತಿರುಗಿತು.
ಗೂಡಿನಲ್ಲಿ ಅಂಗಾತ ಮಲಗಿದೆ ನಾನು ಬಿಟ್ಟುಬಂದ ಹೆಲ್ಮೆಟ್,
ಒಳಗೆ ಕಂಠಮಟ್ಟ ಬಳ್ಳೊಳ್ಳಿ.
"ಇಲಿ ಮುಟ್ಟಂಗಿಲ್ಲ ನೋಡ್ರಿ, ಅದಕ್ಕ ಇಟ್ಟೀನಿ."

ನಗು ಬಂತು. ಆಮೇಲೆ ಆ ಮೊಣಕೈ ನೆನಪಾಯಿತು.
ಕೀಲಿ ಅವ್ವನ ಕೈಯಾಗ ಕೊಡು.
ನಡಕೋತ ಹೋಗು. ರೋಡಿಗಿ ಇಳಿಯೂಮುಂದ
ಹೆಗಲ ಮ್ಯಾಲಿಂದ ಒಮ್ಮಿ ಹಿಂದಕ ನೋಡು.
"ಯಾರದಾರ ಹಿಂದ?"
ಸುಮ್ನ ನೋಡು.

ಕಸ್ತೂರಿ, ಬಳ್ಳೊಳ್ಳಿ ಬುಟ್ಟಿಗಿ ಸುರಿ.